ಅಳಿಸುವ ಕೈಗೆ ಒಂದು ಮಾತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ಹಿರಿಯರು ಕಂಡುಕೊಂಡ ಸತ್ಯ. ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಅನುಕೂಲ ಅವರಿಗಿರಲಿಲ್ಲ. ನಮಗೆ ಅದು ದೊರೆತಿದೆ. ಕಳುಹಿಸಿದ ಸಂದೇಶವನ್ನು ಎಲ್ಲರ ಕಡೆಯಿಂದಲೂ ಅಳಿಸಿಹಾಕುವ ಏರ್ಪಾಡನ್ನು ವಾಟ್ಸ್‌ಆಪ್ 2017ರಲ್ಲಿಯೇ ಒದಗಿಸಿತು. ಆದರೆ ಹಳೆಯ ಗಾದೆ ಇನ್ನೊಂದು ಬಾಗಿಲಿನಿಂದ ಮರಳಿ ಬಂದಿದೆ: ಆಡಿದ ಮಾತು ಹಿಂದಕ್ಕೆ ಬಂದೀತು, ಅಳಿಸಿದ ಮಾತು ಬಾರದು.

ಈಗ ಅಳಿಸುವ ಕೆಲಸವನ್ನೂ ನಾವೇ ಮಾಡಬೇಕಾಗಿಲ್ಲ. ಕೃತಕ ಬುದ್ಧಿಯ ಏಜೆಂಟ್ ಎಂಬ ಹೊಸ ಗುಮಾಸ್ತ ನಮ್ಮ ಪತ್ರಗಳನ್ನು ಓದುತ್ತಾನೆ, ವಿಂಗಡಿಸುತ್ತಾನೆ, ಬೇಡವಾದುದನ್ನು ತೆಗೆದುಹಾಕುತ್ತಾನೆ. ಅವನ ಕೈಗೆ ಕೊಡುವ ಪ್ರತಿಯೊಂದು ಉಪಕರಣದ ಜೊತೆಗೂ ಒಂದು ಹೆಸರು, ನಾಲ್ಕಾರು ಸಾಲಿನ ವಿವರಣೆ ಇರುತ್ತದೆ. ಯಾವುದನ್ನು ಯಾವಾಗ ಹಿಡಿಯಬೇಕೆಂಬುದನ್ನು ಅವನು ನಿರ್ಧರಿಸುವುದು ಬಹುಮಟ್ಟಿಗೆ ಆ ಸಾಲುಗಳನ್ನು ಓದಿಯೇ. ಹಾಗಿದ್ದಲ್ಲಿ, ಅಳಿಸುವ ಉಪಕರಣಕ್ಕೆ ವಿವರಣೆ ಬರೆಯುವವನ ಹೊಣೆ ಯಾವುದು? "ಸಂದೇಶವನ್ನು ಅಳಿಸುತ್ತದೆ" ಎಂದು ಬರೆದು ಸುಮ್ಮನಾದರೆ ಅವನು ಸುಳ್ಳು ಹೇಳಿದಂತಾಗಲಿಲ್ಲ, ನಿಜ. ಆದರೆ ಸತ್ಯವನ್ನು ಹೇಳಿದಂತಾಯಿತೆ?

ಮನುಷ್ಯನಾದ ಗುಮಾಸ್ತನಿಗೆ "ಹಳೆಯ ಕಾಗದಗಳನ್ನೆಲ್ಲ ತೆಗೆದುಹಾಕಪ್ಪ" ಎಂದರೆ, ಆಸ್ತಿಯ ಪತ್ರವೊಂದು ಕೈಗೆ ಬಂದೊಡನೆ ಅವನು ತಡೆದು ನಿಲ್ಲುತ್ತಾನೆ, "ಇದನ್ನೂ ಸುಡಬೇಕೆ, ಸ್ವಾಮಿ?" ಎಂದು ಕೇಳುತ್ತಾನೆ. ಬೆಂಕಿ ಅವನ ಕಣ್ಣೆದುರಿಗೇ ಇದೆ. ಯಂತ್ರದ ಗುಮಾಸ್ತ ಎಷ್ಟೇ ಓದಿಕೊಂಡವನಾಗಿರಲಿ, ತನ್ನ ಮುಂದಿರುವ ಗುಂಡಿಯ ಹಿಂದೆ ಕಸದ ಬುಟ್ಟಿಯಿದೆಯೋ ಉರಿಯುವ ಒಲೆಯಿದೆಯೋ ಎಂಬುದನ್ನು ಯಾರೂ ಹೇಳದಿದ್ದರೆ ತಿಳಿಯಲಾರ. ಮನುಷ್ಯನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅಕ್ಷರವೇ ಮಾಡಬೇಕಾಗಿದೆ.

ಜಿಮೇಲ್ ಇದಕ್ಕೊಂದು ಒಳ್ಳೆಯ ಉದಾಹರಣೆ. ಅಲ್ಲಿ ಕಾರ್ಯಕ್ರಮ ಬರೆಯುವವರಿಗೆ ಎರಡು ದಾರಿಗಳುಂಟು. ಒಂದು, ಪತ್ರವನ್ನು ಕಸದ ಬುಟ್ಟಿಗೆ ಹಾಕುವುದು. 30 ದಿನಗಳವರೆಗೆ ಅದನ್ನು ಮರಳಿ ಪಡೆಯಬಹುದು. ಇನ್ನೊಂದು, ಆ ಕ್ಷಣವೇ ಶಾಶ್ವತವಾಗಿ ಅಳಿಸುವುದು. ಈ ಎರಡನೆಯದರ ವಿವರಣೆಯಲ್ಲಿ, ಇದನ್ನು ಹಿಂತೆಗೆಯಲಾಗದು, ಮೊದಲಿನ ದಾರಿಯನ್ನೇ ಬಳಸುವುದು ಮೇಲು ಎಂಬ ಅರ್ಥದ ಮಾತಿದೆ. ತಾನು ಮಾಡಿದ ವಸ್ತುವಿನ ಅಪಾಯವನ್ನು ತಾನೇ ಹೇಳಿ, ಸೌಮ್ಯವಾದ ದಾರಿಯನ್ನು ತೋರಿಸುವುದು ಸಣ್ಣ ಸೌಜನ್ಯವಲ್ಲ. ಅದು ಬರೆಯುವವನ ಧರ್ಮ.

ಏಜೆಂಟುಗಳಿಗೆ ಉಪಕರಣಗಳನ್ನು ಜೋಡಿಸಲೆಂದು ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಒಂದು ಸಾಮಾನ್ಯ ಕ್ರಮವನ್ನು ಪ್ರಕಟಿಸಿತು. 2025ರಲ್ಲಿ ಅದಕ್ಕೆ ಕೆಲವು ಗುರುತುಗಳು ಸೇರಿದವು. ಅವುಗಳಲ್ಲೊಂದು ವಿನಾಶದ ಗುರುತು. ವಿಶೇಷವೇನೆಂದರೆ, ಬದಲಾವಣೆ ಮಾಡಬಲ್ಲ ಉಪಕರಣದ ಮೇಲೆ ಈ ಗುರುತಿನ ಮಾತೇ ಇಲ್ಲದಿದ್ದರೆ ಅದು ವಿನಾಶಕಾರಿಯೆಂದೇ ಭಾವಿಸತಕ್ಕದ್ದು. ಚೀಟಿಯಿಲ್ಲದ ಸೀಸೆಯನ್ನು ವಿಷವೆಂದೇ ತಿಳಿದು ಮಕ್ಕಳ ಕೈಗೆ ಸಿಗದಂತೆ ಇಡುವ ಮನೆಯ ವಿವೇಕವೇ ಇದು.

ಬರವಣಿಗೆ ಬೀಗವಲ್ಲ ಎಂದು ಆಕ್ಷೇಪಿಸಬಹುದು. ಸರಿಯಾದ ಮಾತು. 2025ರ ಜುಲೈನಲ್ಲಿ, ಯಾವ ಬದಲಾವಣೆಯನ್ನೂ ಮಾಡಕೂಡದೆಂದು ಹೇಳಿದ್ದರೂ, ರೆಪ್ಲಿಟ್ ಎಂಬ ಸಂಸ್ಥೆಯ ಏಜೆಂಟ್ ಬಳಕೆದಾರರೊಬ್ಬರ ದತ್ತಾಂಶವನ್ನೆಲ್ಲ ಅಳಿಸಿತು. ಮರಳಿ ಪಡೆಯಲಾಗದು ಎಂದೂ ಹೇಳಿತು. ಆಮೇಲೆ ನೋಡಿದರೆ ಅದನ್ನು ಮರಳಿ ಪಡೆಯಲು ಸಾಧ್ಯವಾಯಿತು. ಮಾತಿನಿಂದ ಕೈ ಕಟ್ಟಲಾಗದೆಂಬುದು ಇದರ ಮೊದಲ ಪಾಠ; ಏನು ಮರಳೀತು, ಏನು ಮರಳದು ಎಂಬುದು ಆ ಕೈಗೇ ಗೊತ್ತಿರಲಿಲ್ಲವೆಂಬುದು ಎರಡನೆಯದು.

ಆದ್ದರಿಂದ ಬೀಗವೂ ಬೇಕು. ಅಳಿಸುವ ಮುನ್ನ ಮನುಷ್ಯನ ಒಪ್ಪಿಗೆಯನ್ನು ಕೇಳಬೇಕು. ಆದರೆ ಒಪ್ಪಿಗೆ ಕೊಡುವವನಿಗಾದರೂ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆಂದು ತಿಳಿಯುವುದು ಹೇಗೆ? ಮತ್ತೆ ಅದೇ ನಾಲ್ಕು ಸಾಲುಗಳಿಂದ. ಹತ್ತು ಸಲ "ಮುಂದುವರಿಯಲೆ?" ಎಂದು ಕೇಳಿಸಿಕೊಂಡವನು ಹನ್ನೊಂದನೆಯ ಸಲ ಓದದೆಯೇ ಹೂಂ ಎನ್ನುತ್ತಾನೆ. ಎಲ್ಲಕ್ಕೂ ಅಪಾಯವೆಂದು ಬರೆದರೆ ಯಾವುದಕ್ಕೂ ಬರೆಯದಿದ್ದಂತೆಯೇ. ಕಠಿಣವಾದ ಮಾತನ್ನು ಮರಳಿ ಬಾರದ ಕಾರ್ಯಕ್ಕೇ ಮೀಸಲಿಡಬೇಕು.

ಇನ್ನೊಂದು ವಿಷಯ ಸುಲಭವಾಗಿ ಮರೆತುಹೋಗುತ್ತದೆ. ಸಂದೇಶಕ್ಕೆ ಇಬ್ಬರು ಒಡೆಯರು: ಬರೆದವನು, ಪಡೆದವನು. ಟೆಲಿಗ್ರಾಂ 2019ರಲ್ಲಿ, ಇಬ್ಬರ ನಡುವಿನ ಮಾತುಕತೆಯಲ್ಲಿ ಒಬ್ಬನು ಇನ್ನೊಬ್ಬನ ಮಾತನ್ನೂ ಇಬ್ಬರ ಕಡೆಯಿಂದಲೂ ಅಳಿಸಬಹುದೆಂದು ಮಾಡಿತು. ಆಗ ಕಳೆದುಹೋಗುವುದು ನನ್ನ ನೆನಪು ಮಾತ್ರವಲ್ಲ; ಒಪ್ಪಿಗೆ ಕೊಡದ ಇನ್ನೊಬ್ಬರ ನೆನಪು, ಒಮ್ಮೊಮ್ಮೆ ಅವರ ಸಾಕ್ಷ್ಯ. ಆದುದರಿಂದ ಏನು ಅಳಿಯುತ್ತದೆ, ಯಾರ ಕಡೆಯಿಂದ ಅಳಿಯುತ್ತದೆ, ಮರಳಿ ಬರುತ್ತದೆಯೆ ಎಂಬ ಮೂರು ಪ್ರಶ್ನೆಗಳಿಗೆ ವಿವರಣೆ ಉತ್ತರ ಕೊಡಲೇಬೇಕು.

ಉಪಕರಣವನ್ನು ಮಾಡಿದವನಿಗೆ ಅದರ ಫಲ ಗೊತ್ತಿದೆ; ಬಳಸುವವನಿಗೆ ಗೊತ್ತಿಲ್ಲ; ಕಳೆದುಕೊಳ್ಳುವವನಿಗೆ ಸುದ್ದಿಯೇ ಇಲ್ಲ. ಮೂವರಲ್ಲಿ ಬಲ್ಲವನು ಒಬ್ಬನೇ ಆಗಿರುವಾಗ ಅವನ ಮೌನವನ್ನು ಸಂಕ್ಷೇಪವೆಂದು ಕರೆಯಲಾಗದು.