ಸಿಗ್ನಲ್ ತಡೆಯಬಹುದು, ಸಂಬಂಧವನ್ನು?



2025ರಲ್ಲಿ ಮಂಗಳೂರಿನ ಕೊಡಿಯಾಲ್‌ಬೈಲ್ ಜೈಲಿನ ಜಾಮರ್ ದೊಡ್ಡ ಸುದ್ದಿಯಾಯಿತು. ಕೈದಿಗಳ ಮೊಬೈಲ್ ತಡೆಯಲು ಹಾಕಿದ ಯಂತ್ರ ಗೋಡೆಯ ಹೊರಗಿನ ಮನೆ, ಅಂಗಡಿ, ಕಚೇರಿಗಳ ನೆಟ್‌ವರ್ಕನ್ನೂ ಕೆಡಿಸಿತು. ಜನ ಪ್ರತಿಭಟಿಸಿದರು. ಅವರ ಸಿಟ್ಟು ನ್ಯಾಯವೇ. ಆದರೆ ಗೋಡೆಯ ಒಳಗಿನವರ ಬಗ್ಗೆಯೂ ನಾವು ಯೋಚಿಸಬೇಕು.

ಜೈಲಿನಲ್ಲಿ ಕಳ್ಳ ಫೋನ್ ಇರಬಾರದು, ಒಪ್ಪೋಣ. ಒಳಗೆ ಕೂತು ಸಾಕ್ಷಿಗೆ ಬೆದರಿಕೆ ಹಾಕುವವರಿದ್ದಾರೆ. ದೌರ್ಜನ್ಯ ಪ್ರಕರಣದಲ್ಲಿ ಸಾಕ್ಷಿ ನುಡಿಯುವ ನಮ್ಮವರಿಗೆ ಅಂಥ ಕರೆಯ ಭಯ ಗೊತ್ತು. ಅದನ್ನು ತಡೆಯುವುದೂ ಅಹಿಂಸೆಯೇ.

ಆದರೆ ಒಳಗಿರುವವರು ಯಾರು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದ 5.73 ಲಕ್ಷ ಕೈದಿಗಳಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಪರಿಶಿಷ್ಟ ಜಾತಿಯವರ ಪಾಲು ಜನಸಂಖ್ಯೆಯಲ್ಲಿರುವುದಕ್ಕಿಂತ ಜೈಲಿನಲ್ಲೇ ಹೆಚ್ಚು. ಒಳಗೆ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2024ರ ಅಕ್ಟೋಬರ್ 3ರಂದು, ಅಂದರೆ ಮೊನ್ನೆ ಮೊನ್ನೆ.

ಬೆಳ್ತಂಗಡಿಯ ಹಳ್ಳಿಯಲ್ಲಿ ಬೀಡಿ ಕಟ್ಟುವ ತಾಯಿಯನ್ನು ನೆನೆಯಿರಿ. ಮಗನನ್ನು ನೋಡಬೇಕಾದರೆ ಆ ದಿನದ ಸಂಪಾದನೆ ಬಿಟ್ಟು ಮಂಗಳೂರಿನ ಬಸ್ಸು ಹತ್ತಬೇಕು. ವಕೀಲರು ಏನಂದರು, ಜಾಮೀನಿಗೆ ಯಾರು ನಿಲ್ಲುತ್ತಾರೆ? ಐದು ನಿಮಿಷದ ಮಾತು. ಕಳ್ಳ ಫೋನಿಗೆ ಬೀಗ ಹಾಕುವ ಸರ್ಕಾರ, ಬಡವರಿಗೂ ಸಿಗುವ ಕಾನೂನುಬದ್ಧ ಫೋನನ್ನು ಸರಿಯಾಗಿ ನಡೆಸಬೇಕು. ಒಂದು ಬಾಗಿಲು ಮುಚ್ಚುವವರು ಇನ್ನೊಂದನ್ನು ತೆರೆದಿಡಬೇಕು.

ಸಾಮ್ರಾಟ್ ಅಶೋಕರು ತಮ್ಮ ನಾಲ್ಕನೇ ಸ್ತಂಭ ಶಾಸನದಲ್ಲಿ ಮರಣದಂಡನೆಗೆ ಗುರಿಯಾದವರಿಗೂ ಮೂರು ದಿನಗಳ ಅವಕಾಶ ಕೊಟ್ಟರು. ಆ ದಿನಗಳಲ್ಲಿ ಬಂಧುಗಳು ಅವರ ಪ್ರಾಣಕ್ಕಾಗಿ ಮನವಿ ಮಾಡಬಹುದಿತ್ತು. ಅಶೋಕರು ಶಿಕ್ಷೆಯನ್ನು ತೆಗೆದುಹಾಕಲಿಲ್ಲ, ಬಂಧುಗಳ ದಾರಿಯನ್ನೂ ಮುಚ್ಚಲಿಲ್ಲ. ದಂಡನೆಗೂ ಕರುಣೆಗೂ ಒಟ್ಟಿಗೆ ಜಾಗವಿದೆ ಎಂದು ಆ ಕಲ್ಲು ಇಂದಿಗೂ ಹೇಳುತ್ತಿದೆ.

ಇನ್ನು ನಮ್ಮ ಮಾತು. ಮಗ ಜೈಲಿಗೆ ಹೋದ ಮನೆಯವರನ್ನು ಊರು ಮಾತಾಡಿಸುವುದಿಲ್ಲ. ಆ ಮನೆಗೆ ಜಾಮರ್ ಹಾಕಿದವರು ನಾವೇ.

☸️ *ಇಂದಿನ ಅಭ್ಯಾಸ:* ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಂಧುಗಳೇ, ನಿಮ್ಮ ಊರಿನಲ್ಲಿ ಅಂಥ ಮನೆಯಿದ್ದರೆ ಇಂದು ಹೋಗಿ ಮಾತಾಡಿಸಿ. ಪರಿಶಿಷ್ಟರಿಗೂ ಬಂಧನದಲ್ಲಿರುವವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ಕಾನೂನು ಸೇವಾ ಸಮಿತಿಯಲ್ಲಿ ಕೇಳಿ ಎಂದು ತಿಳಿಸಿ.

ಭವತು ಸಬ್ಬ ಮಂಗಲಂ 🙏