ತಿಂಗಳ ಪುಟವೂ ಕಾಯಕದ ಹೊತ್ತೂ

ತಿಂಗಳ ಕಾರ್ಯಗಳನ್ನು ಮೊದಲೇ ಬರೆದಿಡುವ ಪುಸ್ತಕವನ್ನು ಇಂದು ಅನೇಕ ಗೃಹಸ್ಥರು ಇಟ್ಟುಕೊಂಡಿರುವರು. ಕೆಲವರಿಗೆ ಗೋಡೆಯ ಕ್ಯಾಲೆಂಡರೇ ಆ ಪುಸ್ತಕ. ಕೆಲವರಿಗೆ ಕೈಯಲ್ಲಿಯ ಮೊಬೈಲು. ದಿನಕ್ಕೊಂದು ಚೌಕ, ಚೌಕದಲ್ಲಿ ಹೋಗಬೇಕಾದ ಸಭೆ, ಕಟ್ಟಬೇಕಾದ ಹಣ, ಸಾಧಿಸಬೇಕಾದ ಗುರಿ. ಮರೆವಿಗೆ ಇದು ಒಳ್ಳೆಯ ಮದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚೌಕಗಳೆಲ್ಲ ತುಂಬಿದ ಮಾತ್ರಕ್ಕೆ ತಿಂಗಳು ಸಾರ್ಥಕವಾಯಿತೇ?

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು (1706–1790) ಈ ದಾರಿಯಲ್ಲಿ ನಡೆದು ನೋಡಿದವನು. 13 ಸದ್ಗುಣಗಳನ್ನು ಆರಿಸಿಕೊಂಡು, ವಾರಕ್ಕೊಂದರ ಮೇಲೆ ಮನಸ್ಸಿಟ್ಟು ಸಾಧಿಸಲು ಚಿಕ್ಕ ಪುಸ್ತಕವೊಂದನ್ನು ಮಾಡಿಕೊಂಡನು. ದಿನದ 24 ಗಂಟೆಗಳಿಗೂ ಕ್ರಮವನ್ನು ಬರೆದನು. ತಪ್ಪಿದಾಗ ಆ ದಿನದ ಚೌಕದಲ್ಲಿ ಕಪ್ಪು ಚುಕ್ಕೆಯನ್ನಿಟ್ಟನು. ಅವನಿಗೆ ಅತಿ ಕಷ್ಟವಾದುದು ‘ಕ್ರಮ’ವೆಂಬ ಗುಣವೇ. ಲೋಕದೊಡನೆ ವ್ಯವಹರಿಸುವವನು ಅನ್ಯರ ಬಿಡುವಿಗೂ ಕಾಯಬೇಕಾಗುವುದೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿರುವನು. ಪೂರ್ಣತೆ ದೊರೆಯದಿದ್ದರೂ ಪ್ರಯತ್ನದಿಂದ ತಾನು ಮೊದಲಿಗಿಂತ ಉತ್ತಮನಾದೆನೆಂದೂ ಹೇಳಿರುವನು. ಅಂತಹ ಪುಸ್ತಕದ ಬೆಲೆಯಿರುವುದು ತಪ್ಪನ್ನು ಮರೆಮಾಚದ ಆ ಚುಕ್ಕೆಯಲ್ಲಿ.

ಆದರೆ ತಪ್ಪಿದ ಮೇಲೆ ಗುರುತಿಸಿದರೆ ಸಾಲದು, ಒಪ್ಪಿಕೊಳ್ಳುವಾಗಲೇ ಮಿತಿಯನ್ನರಿಯಬೇಕು. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ಭಕ್ತರಿಗೆ ಪರಿಚಿತವೇ ಆಗಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಬಾಳಿನ ರೀತಿ. ಮಾರಯ್ಯನು ಶರಣರ ಗೋಷ್ಠಿಯಲ್ಲಿ ಮೈಮರೆತಾಗ, ಕಾಯಕ ನಿಂತಿತೆಂದು ಎಚ್ಚರಿಸಿದವಳು ಲಕ್ಕಮ್ಮ. ನಿತ್ಯಕ್ಕಿಂತ ಹೆಚ್ಚು ಅಕ್ಕಿ ಬಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದವಳೂ ಅವಳೇ. ಗೋಷ್ಠಿ ಎಷ್ಟೇ ಪವಿತ್ರವಾದರೂ ಕಾಯಕದ ಹೊತ್ತನ್ನು ನುಂಗಲಾಗದು. ಬೇಡದ ಅಕ್ಕಿ ಆಸೆಯಾದಂತೆ, ನೆರವೇರಿಸಲಾಗದಷ್ಟು ಕಾರ್ಯಗಳನ್ನು ಒಪ್ಪಿಕೊಳ್ಳುವುದೂ ಆಸೆಯೇ.

ಸಭೆಗೆ ಬರುವೆನೆಂದು ಒಪ್ಪಿ ಬರೆದುಕೊಂಡವನು ಮಾತು ಕೊಟ್ಟವನು. 10 ಮಂದಿಯನ್ನು ಅರ್ಧ ಗಂಟೆ ಕಾಯಿಸಿದವನು ಅನ್ಯರ 5 ಗಂಟೆಗಳನ್ನು ಕಳೆದನು. ಹಣದ ಸಾಲವನ್ನು ತೀರಿಸಬಹುದು. ಕಳೆದ ಹೊತ್ತನ್ನು ಯಾವ ಬಡ್ಡಿಯೊಡನೆಯೂ ಹಿಂದಿರುಗಿಸಲಾಗದು.

ಆದುದರಿಂದ ತಿಂಗಳ ಪುಟವನ್ನು ತೆರೆದ ಗೃಹಸ್ಥನು ಮೊದಲು ಕಾಯಕಕ್ಕೆ, ಮನೆಯವರಿಗೆ, ದಾಸೋಹಕ್ಕೆ ಹೊತ್ತನ್ನು ಬರೆಯಲಿ. ಸಭೆಗಳು ಅನಂತರ ಬರಲಿ. ಗುರಿಯೊಡನೆ ಅದರ ದಿನವನ್ನೂ ಬರೆಯಲಿ. ದಿನವಿಲ್ಲದ ಗುರಿ ಬರಿಯ ಬಯಕೆ. ಕೆಲವು ಚೌಕಗಳನ್ನು ಬರಿದಾಗಿಯೇ ಬಿಡಲಿ. ಹೇಳದೆ ಬರುವ ಅತಿಥಿಗೂ ಹಾಸಿಗೆ ಹಿಡಿದ ನೆರೆಯವನಿಗೂ ಅದೇ ತೆರೆದ ಬಾಗಿಲು. ತಿಂಗಳು ಮುಗಿದಾಗ ಆ ಪುಟವನ್ನು ಮನೆಯಾಕೆಯ ಮುಂದಿರಿಸಿ ಇಬ್ಬರೂ ಕೂಡಿ ನೋಡಲಿ. ಯಾವ ಚೌಕವನ್ನು ತುಂಬಬಾರದಾಗಿತ್ತೆಂಬುದು ಬರೆದವನಿಗಿಂತ ಮೊದಲು ಕಾದು ಕುಳಿತವರಿಗೆ ತಿಳಿದಿರುತ್ತದೆ.