ಪ್ರೇಕ್ಷಕನ ಧರ್ಮ

1960ನೆಯ ಇಸವಿಯ ಸೆಪ್ಟೆಂಬರ್ 26ರ ರಾತ್ರಿ ಷಿಕಾಗೋ ನಗರದ ದೂರದರ್ಶನ ಕೇಂದ್ರವೊಂದರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಕೆನೆಡಿ ಮತ್ತು ನಿಕ್ಸನ್ ಇವರು ವಾದಕ್ಕೆ ನಿಂತಾಗ, ಅದನ್ನು ನೋಡಿದ ಸುಮಾರು 7 ಕೋಟಿ ಅಮೆರಿಕನ್ನರಲ್ಲಿ ಎಷ್ಟೋ ಮಂದಿಯ ಮನಸ್ಸಿನಲ್ಲಿ ನಿಂತುದು, ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಬಳಲಿದ್ದ ನಿಕ್ಸನ್ನರ ವಿವರ್ಣವಾದ ಮುಖವೂ, ಹಿನ್ನೆಲೆಯ ಬಣ್ಣದೊಡನೆ ಬೆರೆತುಹೋದ ಬೂದು ಉಡುಪೂ, ಬೆವರನ್ನೊರೆಸಿಕೊಂಡ ಕೈಯೂ ಇವೇ ಹೊರತು, ದೇಶದ ಆಂತರಿಕ ವಿಚಾರಗಳನ್ನು ಕುರಿತು ಇಬ್ಬರೂ ಆಡಿದ ಮಾತುಗಳಲ್ಲ. ರೇಡಿಯೋದಲ್ಲಿ ಕೇಳಿದವರಿಗೆ ನಿಕ್ಸನ್ನರೇ ಗೆದ್ದಂತೆ ತೋರಿತೆಂಬ ಪ್ರಸಿದ್ಧವಾದ ಮಾತಿಗೆ ಆಧಾರವು ದುರ್ಬಲವಾದರೂ, ಅದು ಎತ್ತುವ ಪ್ರಶ್ನೆ ದುರ್ಬಲವಾದುದಲ್ಲ: ಕಣ್ಣು ಕಂಡದ್ದು ಮಾತಿನ ಸತ್ಯಕ್ಕೆ ಪ್ರಮಾಣವಾಗಬಲ್ಲುದೇ?

ಈ ಪ್ರಶ್ನೆಗೆ ಪ್ರಾಚೀನ ತರ್ಕಶಾಸ್ತ್ರವು ದಾರಿ ತೋರುತ್ತದೆ: ನ್ಯಾಯಸೂತ್ರಕಾರನಾದ ಗೌತಮನು ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದವನ್ನು, ಗೆಲ್ಲಬೇಕೆಂಬ ಬಯಕೆಯಿಂದ ನಡೆಯುವ ಜಲ್ಪದಿಂದಲೂ, ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದರಲ್ಲಿಯೇ ತೊಡಗುವ ವಿತಂಡೆಯಿಂದಲೂ ಬೇರ್ಪಡಿಸಿದನು. ಆ ಭೇದವು ವಾದಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಬಗೆಯಲಾಗದು: "ಯಾರು ಗೆದ್ದರು?" ಎಂದಷ್ಟೇ ಕೇಳುವ ಪ್ರೇಕ್ಷಕನು ವಾದವನ್ನೂ ಜಲ್ಪಕ್ಕಿಳಿಸುತ್ತಾನೆ, "ಯಾವುದು ನಿಜ?" ಎಂದು ಕೇಳುವವನು ಜಲ್ಪದೊಳಗಿಂದಲೂ ತತ್ತ್ವವನ್ನು ಹೆಕ್ಕಿಕೊಳ್ಳಬಲ್ಲನು. ತನಗೆ ಪ್ರಿಯನಾದವನ ಮಾತನ್ನು ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸುವುದೂ, ಅಪ್ರಿಯನ ಮಾತಿನಲ್ಲಿ ಹುರುಳಿದ್ದರೆ ಮನಸಾರೆ ಒಪ್ಪಿಕೊಳ್ಳುವುದೂ ಪ್ರಜೆಯು ಮಾಡಬೇಕಾದ ತಪಸ್ಸು. ಆಳುವವರನ್ನು ಆರಿಸುವ ಅಧಿಕಾರವುಳ್ಳವನಿಗೆ ಈ ರಾಗದ್ವೇಷನಿಗ್ರಹವು, ಹಿಂದೆ ಅರಸನಿಗೆ ರಾಜಧರ್ಮವು ಎಷ್ಟು ಅವಶ್ಯಕವಾಗಿದ್ದಿತೋ ಅಷ್ಟೇ ಅವಶ್ಯಕವಾದುದು.